ವಾರಾಂತ್ಯದ ಬೇಸ್‌ಬಾಲ್: ಇದ್ದಷ್ಟು ಜನರಲ್ಲಿ ಆಟ ಕಟ್ಟುವ ಬಗೆ

ನಿಯಮಪುಸ್ತಕ ಹೇಳುವ ಬೇಸ್‌ಬಾಲ್‌ಗೆ ತಂಡವೊಂದಕ್ಕೆ ಒಂಬತ್ತು ಆಟಗಾರರು, ಒಂಬತ್ತು ಇನಿಂಗ್ಸ್, ಬೇಸಿನಿಂದ ಬೇಸಿಗೆ (ಓಡಿ ಮುಟ್ಟಬೇಕಾದ ನಾಲ್ಕು ಗುರುತುಗಳು) 90 ಅಡಿ ಅಂತರ, ತೀರ್ಪು ಕೊಡಲು ಅಂಪೈರ್ ಎಲ್ಲವೂ ಬೇಕು. ವಾರಾಂತ್ಯದಲ್ಲಿ ಮೈದಾನಕ್ಕೆ ಬಂದು ಸೇರುವವರಾದರೋ ಹನ್ನೊಂದೋ ಹದಿಮೂರೋ ಜನ. ಅವರಲ್ಲಿ ಇಬ್ಬರು ಎಂಟು ವರ್ಷದ ಮಕ್ಕಳು, ಒಬ್ಬರಿಗೆ ಮಂಡಿನೋವು, ಮೂವರು ಇದೇ ಮೊದಲ ಸಲ ಬ್ಯಾಟ್ ಹಿಡಿಯುತ್ತಿರುವವರು. ಹೀಗಿರುವಾಗ ನಿಯಮವನ್ನೇ ಜನರಿಗೆ ಹೊಂದಿಸಿಕೊಳ್ಳುವುದು ಒಳ್ಳೆಯದು. ಹಾಗೆ ಹೊಂದಿಸುವಾಗ ನಾನು ಪಾಲಿಸುವ ಅಳತೆಗೋಲು ಒಂದೇ: ಎಸೆದ ಚೆಂಡುಗಳಲ್ಲಿ ಹೆಚ್ಚಿನವು ಬ್ಯಾಟಿಗೆ ತಗುಲಿ ಮೈದಾನದೊಳಕ್ಕೆ ಬರಬೇಕು. ಚೆಂಡು ಎಸೆಯುವ ಪಿಚರ್ ಮತ್ತು ಬ್ಯಾಟರ್ ಇಬ್ಬರೇ ಸೆಣಸುತ್ತಾ ಉಳಿದವರು ಸೊಂಟಕ್ಕೆ ಕೈಯಿಟ್ಟು ನೋಡುವಂತಾದರೆ, ಅರ್ಧ ಗಂಟೆಯೊಳಗೆ ಮಕ್ಕಳು ಹುಲ್ಲು ಕೀಳತೊಡಗುತ್ತಾರೆ, ದೊಡ್ಡವರು ಫೋನ್ ತೆಗೆಯುತ್ತಾರೆ.

ಮೊದಲ ಕೆಲಸ ಮೈದಾನಕ್ಕೆ ಗುರುತು ಹಾಕುವುದು. 90 ಅಡಿ, ಅಂದರೆ 27 ಮೀಟರಿಗೂ ಹೆಚ್ಚಿನ ಅಂತರ, ಮನೆಮಂದಿಯ ಆಟಕ್ಕೆ ತೀರ ದೊಡ್ಡದು. ಮಕ್ಕಳ ಲಿಟಲ್ ಲೀಗ್ ಆಟದಲ್ಲಿ ಬಳಸುವ 60 ಅಡಿ, ಅಂದರೆ ಸುಮಾರು 18 ಮೀಟರ್, ದೊಡ್ಡವರಿಗೂ ಧಾರಾಳವಾಗಿ ಸಾಕು. ಬೇಸುಗಳ ಈ ಆಕೃತಿಯನ್ನು ಡೈಮಂಡ್ ಎಂದು ಕರೆದರೂ ಅದು ಮೂಲೆಯ ಮೇಲೆ ನಿಂತ ಚೌಕವೇ ಆದ್ದರಿಂದ ಕಣ್ಣಳತೆಯಲ್ಲಿ ಹಾಕಿದರೆ ಸೊಟ್ಟಗಾಗುತ್ತದೆ. 36 ಮೀಟರ್ ಉದ್ದದ ಹಗ್ಗ ತಂದು ಅದರ ಸರಿಯಾದ ನಡುವಿಗೆ ಬಣ್ಣದ ಬಟ್ಟೆಯ ಚೂರೊಂದನ್ನು ಕಟ್ಟಿ. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ ನೇರವಾಗಿ ಇಪ್ಪತ್ತೈದೂವರೆ ಮೀಟರ್ ದೂರದಲ್ಲಿ ಎರಡನೆಯ ಬೇಸ್ ಇಟ್ಟು, ಹಗ್ಗದ ಒಂದು ತುದಿಯನ್ನು ಹೋಮ್ ಪ್ಲೇಟಿನಲ್ಲೂ ಇನ್ನೊಂದನ್ನು ಎರಡನೆಯ ಬೇಸಿನಲ್ಲೂ ಒಬ್ಬೊಬ್ಬರು ಒತ್ತಿ ಹಿಡಿಯಲಿ. ಮೂರನೆಯವರು ಬಟ್ಟೆ ಕಟ್ಟಿದ ಜಾಗವನ್ನು ಹಿಡಿದು, ಹೋಮ್ ಪ್ಲೇಟಿನಿಂದ ನೋಡುವವರ ಬಲಕ್ಕೆ ಬಿಗಿಯಾಗಿ ಎಳೆದಾಗ ಅದು ನಿಲ್ಲುವ ಕಡೆಯೇ ಮೊದಲ ಬೇಸ್, ಎಡಕ್ಕೆ ಎಳೆದಾಗ ಸಿಗುವುದು ಮೂರನೆಯದು. ಹೋಮ್‌ನಿಂದ ಈ ಎರಡು ಬೇಸುಗಳ ಮೂಲಕ ಹಾಯುವ ಗೆರೆಗಳನ್ನು ಆಚೆಗೂ ಮುಂದುವರಿಸಿ, ಅವುಗಳ ಕೊನೆಯಲ್ಲಿ ಎದ್ದು ಕಾಣುವ ಗೂಟವೊಂದನ್ನು ನೆಟ್ಟರೆ ಫೌಲ್ (ಗೆರೆಗಳ ಹೊರಗೆ ಹೋದ ಹೊಡೆತ) ಕುರಿತ ಜಗಳ ಅರ್ಧಕ್ಕರ್ಧ ತಪ್ಪುತ್ತದೆ.

ಬೇಸಿಗೆ ಕಲ್ಲು, ಇಟ್ಟಿಗೆ, ತುಂಬಿದ ಬ್ಯಾಗು ಯಾವುದನ್ನೂ ಇಡಬೇಡಿ. ಓಡಿ ಬಂದವರ ಪಾದ ಅದರ ಅಂಚಿಗೆ ಸಿಕ್ಕಿದರೆ ಹರಡು ಉಳುಕುವುದು ಖಂಡಿತ. ನೆಲಕ್ಕೆ ಅಂಟಿಕೊಂಡಂತಿರುವ, ಜಾರದ ರಬ್ಬರ್ ಹಾಳೆ ಸಾಕು. ಮೊದಲ ಬೇಸಿನಲ್ಲಿ ಮಾತ್ರ ಎರಡು ಹಾಳೆಗಳನ್ನು ಒಂದರ ಪಕ್ಕ ಒಂದರಂತೆ ಹಾಸಿ, ಗೆರೆಯ ಒಳಗಿನದನ್ನು ಫೀಲ್ಡರಿಗೂ ಹೊರಗಿನದನ್ನು ಓಡಿ ಬರುವವರಿಗೂ ಬಿಟ್ಟುಕೊಡಿ. ಚೆಂಡು ಹಿಡಿಯಲು ಕೈ ಚಾಚಿ ನಿಂತವರಿಗೂ ತಲೆ ತಗ್ಗಿಸಿ ಓಡಿ ಬರುವವರಿಗೂ ಡಿಕ್ಕಿಯಾಗುವ ಜಾಗ ಅದೇ.

ದಿಕ್ಕನ್ನೂ ಗಮನಿಸಬೇಕು. ಹೋಮ್ ಪ್ಲೇಟಿನಿಂದ ಪಿಚರ್ ಮೂಲಕ ಎರಡನೆಯ ಬೇಸಿಗೆ ಹೋಗುವ ಗೆರೆ ಪೂರ್ವ–ಈಶಾನ್ಯದ ಕಡೆಗಿದ್ದರೆ ಒಳ್ಳೆಯದೆಂದು ಅಧಿಕೃತ ನಿಯಮಗಳೇ ಸೂಚಿಸುತ್ತವೆ. ಹಾಗಿದ್ದಾಗ ಸಂಜೆಯ ಸೂರ್ಯ ಬ್ಯಾಟರನ ಬೆನ್ನಿಗಿರುತ್ತಾನೆ. ನೀವು ಬೆಳಿಗ್ಗೆ ಆಡುವವರಾದರೆ ಇದನ್ನು ತಿರುವುಮುರುವು ಮಾಡಿಕೊಳ್ಳಿ. ಫೀಲ್ಡರುಗಳ ಕಣ್ಣಿಗೆ ಆಗ ಬಿಸಿಲು ಬೀಳುತ್ತದೆ ನಿಜ, ಅವರಿಗೆ ಟೋಪಿಯೇ ಗತಿ.

ಅಸಲಿ ಬೇಸ್‌ಬಾಲ್ ಚೆಂಡು ಸುಮಾರು 145 ಗ್ರಾಂ ತೂಗುತ್ತದೆ, ಗಟ್ಟಿಯಾಗಿರುತ್ತದೆ. ಎಲ್ಲರಿಗೂ ಗ್ಲೌಸ್, ಬ್ಯಾಟರಿಗೆ ಹೆಲ್ಮೆಟ್ ಇಲ್ಲದ ಕಡೆ ಅದನ್ನು ಹೊರತೆಗೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಗೆ ಮೆತ್ತಗಿರುವ ಅಭ್ಯಾಸದ ಚೆಂಡೋ ಟೆನಿಸ್ ಚೆಂಡೋ ಇದ್ದರೆ ಬರಿಗೈಯವರೂ ಧೈರ್ಯವಾಗಿ ಅಡ್ಡ ನಿಲ್ಲುತ್ತಾರೆ. ಇರುವ ಗ್ಲೌಸುಗಳನ್ನು ಆಯಾ ಸ್ಥಾನಕ್ಕೆ ಸೇರಿದ್ದೆಂದು ನೆಲದಲ್ಲೇ ಬಿಟ್ಟು ಹೋಗುವ ಪದ್ಧತಿ ಮಾಡಿಕೊಂಡರೆ, ಐದು ಗ್ಲೌಸಿನಲ್ಲಿ ಎರಡೂ ತಂಡಗಳ ಆಟ ನಡೆಯುತ್ತದೆ. ಗ್ಲೌಸನ್ನು ಎಸೆಯುವ ಕೈಗೆ ಹಾಕಿಕೊಳ್ಳುವ ತಪ್ಪನ್ನು ಹೊಸಬರು ಮಾಡುತ್ತಾರೆ. ಬಲಗೈಯಲ್ಲಿ ಎಸೆಯುವವರಿಗೆ ಅದು ಎಡಗೈಗೆ ಬರಬೇಕು. ಚೆಂಡು ಸೊಂಟಕ್ಕಿಂತ ಮೇಲೆ ಬಂದರೆ ಬೆರಳು ಮೇಲ್ಮುಖ, ಕೆಳಗೆ ಬಂದರೆ ಕೆಳಮುಖ. ಆಟಕ್ಕೆ ಮೊದಲು ಇಬ್ಬಿಬ್ಬರಾಗಿ ನಿಂತು, ಹತ್ತಿರದಿಂದ ಶುರು ಮಾಡಿ ಕ್ರಮೇಣ ಹಿಂದೆ ಸರಿಯುತ್ತಾ ಹತ್ತು ನಿಮಿಷ ಎಸೆದಾಡಿದರೆ ಭುಜವೂ ಸಡಿಲವಾಗುತ್ತದೆ, ಯಾರ ಕೈ ಎಷ್ಟು ಗಟ್ಟಿ ಎಂಬುದೂ ತಿಳಿಯುತ್ತದೆ.

ತಂಡ ಆರಿಸಲು ಹಳೆಯದೊಂದು ಚಂದದ ರೂಢಿಯಿದೆ. ಒಬ್ಬ ನಾಯಕ ಬ್ಯಾಟನ್ನು ನೆಟ್ಟಗೆ ಎಸೆಯುತ್ತಾನೆ, ಇನ್ನೊಬ್ಬ ಅದನ್ನು ಒಂದೇ ಕೈಯಲ್ಲಿ ಹಿಡಿಯುತ್ತಾನೆ. ಅಲ್ಲಿಂದ ಇಬ್ಬರೂ ಸರದಿಯಂತೆ ಮುಷ್ಟಿಯ ಮೇಲೆ ಮುಷ್ಟಿಯಿಡುತ್ತಾ ಹೋಗಿ, ಹಿಡಿಕೆಯ ತುದಿಯಲ್ಲಿ ಕೊನೆಯ ಮುಷ್ಟಿ ಯಾರದೋ ಅವರಿಗೆ ಮೊದಲ ಆಯ್ಕೆ. ಆದರೆ ಮಕ್ಕಳನ್ನು ಈ ಆಯ್ಕೆಗೆ ನಿಲ್ಲಿಸಬೇಡಿ. ಕೊನೆಗೆ ಉಳಿಯುವುದು ಯಾವ ಮಗುವಿಗೂ ಬೇಡ. ಅವರನ್ನು ಮೊದಲೇ ಎರಡೂ ಕಡೆಗೆ ಸಮನಾಗಿ ಹಂಚಿಬಿಡಿ.

ಇನ್ನು ಪಿಚಿಂಗ್. ಇಡೀ ಆಟದ ರುಚಿ ನಿಂತಿರುವುದು ಇದರ ಮೇಲೆ. ವಾರಾಂತ್ಯದ ಆಟದಲ್ಲಿ ಪಿಚರ್ ಎದುರಾಳಿಯಲ್ಲ, ಬಡಿಸುವವನು. ಆದ್ದರಿಂದ ಬ್ಯಾಟ್ ಮಾಡುವ ತಂಡದವರೇ ತಮ್ಮವರಿಗೆ ಚೆಂಡು ಎಸೆಯಲಿ. ಹೊಡೆತಕ್ಕೆ ಸಿಗದಂತೆ ಎಸೆಯುವ ಆಸೆ ಆಗ ಯಾರಿಗೂ ಇರುವುದಿಲ್ಲ. ಫೀಲ್ಡಿಂಗ್ ತಂಡದವರೊಬ್ಬರು ಅವರ ಪಕ್ಕದಲ್ಲೇ ನಿಂತು ಆ ಜಾಗದ ಕ್ಷೇತ್ರರಕ್ಷಣೆ ನೋಡಿಕೊಳ್ಳಲಿ. ಹೊಡೆಯುವ ಜಾಗದ ಹೊರಗೆ ಬಂದ ಎಸೆತಗಳಾದ ನಾಲ್ಕು ಬಾಲ್‌ಗಳಿಗೆ ಮೊದಲ ಬೇಸನ್ನು ಪುಕ್ಕಟೆಯಾಗಿ ಕೊಡುವ ವಾಕ್ ಬೇಡ, ಬ್ಯಾಟ್ ಬೀಸದಿದ್ದರೂ ಸ್ಟ್ರೈಕ್ (ಬ್ಯಾಟರ್ ವಿರುದ್ಧ ಎಣಿಸುವ ಎಸೆತ) ಎಂದು ಕೂಗುವುದೂ ಬೇಡ. ಬೀಸಿ ಮೂರು ಸಲ ತಪ್ಪಿದರೆ ಔಟ್, ಒಬ್ಬರಿಗೆ ಒಟ್ಟು ಆರು ಎಸೆತ ಎಂದಿಟ್ಟುಕೊಂಡರೆ ಸರದಿ ಬೇಗ ಬೇಗ ಬರುತ್ತದೆ.

ಮಗುವಿಗೆ ಎಸೆಯುವಾಗ ದೊಡ್ಡವರು ಮಾಡುವ ತಪ್ಪು, ಪ್ರೀತಿಯಿಂದಲೇ, ಚೆಂಡನ್ನು ಮೆಲ್ಲಗೆ ಎತ್ತರಕ್ಕೆ ತೂರುವುದು. ಹಾಗೆ ತೂರಿದ ಚೆಂಡು ಮೇಲಿನಿಂದ ಕಡಿದಾಗಿ ಬೀಳುವುದರಿಂದ ಅಡ್ಡಡ್ಡ ಬೀಸುವ ಬ್ಯಾಟಿಗೆ ಅದು ಸಿಗುವುದು ಕ್ಷಣಮಾತ್ರ. ಇದಕ್ಕೆ ಬದಲಾಗಿ ನಾಲ್ಕೈದು ಮೀಟರ್ ದೂರದಲ್ಲಿ ಒಂದು ಮಂಡಿಯೂರಿ ಕೂತು, ಚೆಂಡನ್ನು ಮಗುವಿಗೆ ಒಮ್ಮೆ ತೋರಿಸಿ, ಅದರ ಸೊಂಟದ ಎತ್ತರಕ್ಕೆ ನೇರವಾಗಿ, ಪ್ರತಿ ಸಲವೂ ಒಂದೇ ವೇಗದಲ್ಲಿ ಎಸೆಯಿರಿ. ಮೂರನೆಯ ಎಸೆತಕ್ಕೆ ಬ್ಯಾಟು ತಗುಲದಿದ್ದರೂ ನಾಲ್ಕನೆಯದಕ್ಕೆ ತಗುಲುತ್ತದೆ. ಮೆತ್ತನೆಯ ಚೆಂಡಿದ್ದಾಗ ಮಾತ್ರ ಇಷ್ಟು ಹತ್ತಿರ ಕೂರಬೇಕು ಎಂಬುದು ನೆನಪಿರಲಿ. ಇನ್ನೂ ಚಿಕ್ಕವರಿಗೆ ಕೋಲಿನ ಮೇಲೆ ಚೆಂಡು ಇಟ್ಟು ಹೊಡೆಸುವ ಟೀ ಇದೆ.

ಕ್ರಿಕೆಟ್ ಆಡಿ ಬೆಳೆದವರಿಗೆ ಬೇಸ್‌ಬಾಲಿನಲ್ಲಿ ಮರೆಯಬೇಕಾದದ್ದೇ ಹೆಚ್ಚು. ಬ್ಯಾಟು ನೆಲ ಮುಟ್ಟುವುದಿಲ್ಲ, ಭುಜದ ಹಿಂದೆ ಎತ್ತಿ ನಿಂತಿರುತ್ತದೆ. ಬಲಗೈಯವರು ಎಡಭುಜವನ್ನು ಪಿಚರ್ ಕಡೆಗೆ ತಿರುಗಿಸಿ, ಬಲಗೈ ಮೇಲೆ ಎಡಗೈ ಕೆಳಗೆ ಒಂದಕ್ಕೊಂದು ತಾಗುವಂತೆ ಹಿಡಿದು, ಮೊದಲು ಸೊಂಟವನ್ನು ತಿರುಗಿಸಿ ಆಮೇಲೆ ಕೈಗಳನ್ನು ಬಿಡಬೇಕು. ಬರಿಯ ತೋಳಿನ ಬಲದಿಂದ ಚೆಂಡು ದೂರ ಹೋಗದು. ವಿಕೆಟ್ ಹಿಂದಕ್ಕೆ ನಯವಾಗಿ ತಿರುಗಿಸಿದ ಹೊಡೆತಕ್ಕೆ ಇಲ್ಲಿ ಬೆಲೆಯಿಲ್ಲ, ಅದು ಫೌಲ್. ಎಲ್ಲಕ್ಕಿಂತ ಮುಖ್ಯವಾಗಿ, ಚೆಂಡು ಗೆರೆಗಳ ಒಳಗೆ ಬಿದ್ದರೆ ಓಡದೆ ನಿಲ್ಲುವಂತಿಲ್ಲ, ಓಡುವಾಗ ಬ್ಯಾಟು ಕೈಯಲ್ಲಿರುವಂತಿಲ್ಲ.

ಈ ಬ್ಯಾಟು ಬಿಡುವ ವಿಚಾರದಲ್ಲಿ ನಾನು ಪಾಠ ಕಲಿತದ್ದು ಮೊಣಕಾಲಿನ ಮೂಲಕ. ನಮ್ಮ ಆಟದಲ್ಲಿ ಮೊದಲ ಸಲ ಚೆಂಡು ತಗುಲಿಸಿದ ಹುಡುಗನೊಬ್ಬ ಸಂಭ್ರಮದಲ್ಲಿ ಬ್ಯಾಟನ್ನು ಹಿಂದಕ್ಕೆ ಬೀಸಿ ಒಗೆದು ಓಡಿದ. ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿ ತೀರ ಹತ್ತಿರ ಕೂತಿದ್ದ ನನಗೆ ಅದು ಬಡಿದು, ಎರಡು ವಾರ ಮೆಟ್ಟಿಲು ಹತ್ತುವಾಗಲೆಲ್ಲ ಅವನನ್ನು ನೆನೆದೆ. ಅಂದಿನಿಂದ ಬ್ಯಾಟ್ ಎಸೆದವರು ಔಟ್ ಎಂಬ ನಿಯಮ ದೊಡ್ಡವರಿಗೂ ಅನ್ವಯವಾಗುತ್ತದೆ. ಸರದಿಗೆ ಕಾಯುವವರು ಹೋಮ್ ಪ್ಲೇಟಿನಿಂದ ಏಳೆಂಟು ಮೀಟರ್ ದೂರ ಕೂರಬೇಕು, ಬ್ಯಾಟು ಒಂದು ಹೊತ್ತಿಗೆ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು. ಹೊಡೆತವಿಲ್ಲದೆಯೇ ಮುಂದಿನ ಬೇಸಿಗೆ ಓಡಿ ಬೇಸ್ ಕದಿಯುವುದನ್ನೂ ನೆಲದ ಮೇಲೆ ಜಾರಿ ಬರುವುದನ್ನೂ ಕೈಬಿಟ್ಟರೆ ಆಟಕ್ಕೇನೂ ನಷ್ಟವಿಲ್ಲ.

ಔಟ್ ಆಗುವ ಬಗೆಗಳನ್ನು ಆಟಕ್ಕೆ ಮೊದಲು ಒಮ್ಮೆ ಎಲ್ಲರಿಗೂ ಹೇಳಿ. ನೆಲ ಮುಟ್ಟದ ಚೆಂಡನ್ನು ಹಿಡಿದರೆ ಬ್ಯಾಟರ್ ಔಟ್, ಆಗ ಓಡುತ್ತಿದ್ದವರು ತಮ್ಮ ಬೇಸಿಗೆ ಹಿಂದಿರುಗಿ ಮುಟ್ಟಬೇಕು. ಬ್ಯಾಟರ್ ಮೊದಲ ಬೇಸ್ ತಲುಪುವ ಮುಂಚೆ ಚೆಂಡು ಹಿಡಿದ ಫೀಲ್ಡರ್ ಆ ಬೇಸನ್ನು ತುಳಿದರೂ ಔಟ್. ಹಿಂದಿನಿಂದ ಬರುವವರಿಗಾಗಿ ಜಾಗ ಬಿಟ್ಟು ಮುಂದಕ್ಕೆ ಹೋಗಲೇಬೇಕಾದವರಿಗೂ ಇದೇ ಲೆಕ್ಕ. ಹಾಗೆ ಬಲವಂತವಿಲ್ಲದೆ ತಾವಾಗಿ ಓಡಿದವರನ್ನು ಮಾತ್ರ ಚೆಂಡು ಹಿಡಿದ ಕೈಯಿಂದ ಮುಟ್ಟಬೇಕಾಗುತ್ತದೆ. ಮೊದಲ ಬೇಸನ್ನು ದಾಟಿ ಓಡಿದರೆ ತಪ್ಪಿಲ್ಲ. ಎರಡನೆಯ ಮತ್ತು ಮೂರನೆಯದರಲ್ಲಿ ಬೇಸಿನ ಮೇಲೆಯೇ ನಿಲ್ಲಬೇಕು. ಎಲ್ಲ ಬೇಸುಗಳನ್ನೂ ಸುತ್ತಿ ಹೋಮ್ ಮುಟ್ಟಿದರೆ ಒಂದು ರನ್. ಮೂರು ಔಟ್ ಆದರೆ ಸರದಿ ಬದಲು, ಅಥವಾ ಐದು ರನ್ ಬಂದರೂ ಬದಲು ಎಂದಿಟ್ಟುಕೊಳ್ಳಿ. ಈ ಎರಡನೆಯ ಮಿತಿಯಿಲ್ಲದಿದ್ದರೆ ಬಲವಾದ ತಂಡ ಬ್ಯಾಟು ಕೆಳಗಿಡುವುದೇ ಇಲ್ಲ.

ಜನ ಕಡಿಮೆಯಾದಾಗ ಆಟ ನಿಲ್ಲಿಸಬೇಕಿಲ್ಲ. ಬೇಸಿನಲ್ಲಿದ್ದವರಿಗೇ ಬ್ಯಾಟಿಂಗ್ ಸರದಿ ಬಂದರೆ ಅವರ ಜಾಗದಲ್ಲಿ ಕಾಣದ ಓಟಗಾರನೊಬ್ಬನಿದ್ದಾನೆಂದು ಎಣಿಸಿ, ಬ್ಯಾಟರ್ ಎಷ್ಟು ಬೇಸ್ ಓಡುತ್ತಾರೋ ಅವನೂ ಅಷ್ಟೇ ಓಡಿದನೆಂದು ಲೆಕ್ಕ ಹಾಕಿ. ಮೈದಾನದ ಬಲ ಅರ್ಧವನ್ನು ಮುಚ್ಚಿ, ಅಲ್ಲಿಗೆ ಹೋದ ಚೆಂಡು ಫೌಲ್ ಎಂದರೆ ನಾಲ್ಕು ಫೀಲ್ಡರುಗಳು ಸಾಕು. ಮೊದಲ ಬೇಸಿಗೆ ಆಳಿಲ್ಲದಿದ್ದರೆ, ಬ್ಯಾಟರ್ ಅಲ್ಲಿಗೆ ತಲುಪುವ ಮುಂಚೆ ಪಿಚರ್ ಪಕ್ಕದಲ್ಲಿ ನಿಂತ ಫೀಲ್ಡರಿನ ಕೈಗೆ ಚೆಂಡು ಸೇರಿದರೂ ಔಟ್. ಎಂಟು ಹತ್ತು ಜನರಿದ್ದಾಗ ತಂಡಗಳೇ ಇಲ್ಲದ ಆಟ ನನಗೆ ಹೆಚ್ಚು ಇಷ್ಟ: ಮೂವರು ಬ್ಯಾಟ್ ಮಾಡುತ್ತಾರೆ, ಉಳಿದವರು ಫೀಲ್ಡಿಂಗ್, ಔಟಾದವರು ದೂರದ ಮೂಲೆಗೆ ಹೋಗುತ್ತಾರೆ, ಉಳಿದವರೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯುತ್ತಾರೆ, ಪಿಚರ್ ಬ್ಯಾಟಿಂಗಿಗೆ ಬರುತ್ತಾರೆ, ಚೆಂಡನ್ನು ನೇರವಾಗಿ ಕ್ಯಾಚ್ ಹಿಡಿದವರು ಮಾತ್ರ ಸರದಿ ಮೀರಿ ಬ್ಯಾಟರ್ ಜೊತೆ ಜಾಗ ಬದಲಾಯಿಸಿಕೊಳ್ಳುತ್ತಾರೆ. ಹೀಗೆ ಎಲ್ಲ ಸ್ಥಾನಗಳಲ್ಲೂ ಎಲ್ಲರೂ ಆಡಿದಂತಾಗುತ್ತದೆ. ಬ್ಯಾಟು, ಗ್ಲೌಸ್ ಏನೂ ಇಲ್ಲದ ದಿನಕ್ಕೆ ಬೇಸ್‌ಬಾಲ್5 ಇದೆ: ತಂಡಕ್ಕೆ ಐವರು, ರಬ್ಬರ್ ಚೆಂಡು, ಅಂಗೈಯಿಂದಲೋ ಮುಷ್ಟಿಯಿಂದಲೋ ಹೊಡೆತ, ಬೇಸುಗಳ ನಡುವೆ 13 ಮೀಟರ್, ಐದು ಇನಿಂಗ್ಸ್.

ಅಂಪೈರ್ ಇಲ್ಲದ ಆಟದಲ್ಲಿ ಔಟೋ ಅಲ್ಲವೋ ಎಂಬ ಮಾತು ಬಂದೇ ಬರುತ್ತದೆ. ಬೇಸಿಗೆ ಹತ್ತಿರವಿದ್ದವರ ಮಾತನ್ನು ಒಪ್ಪಿಕೊಳ್ಳುವುದು, ಅವರಲ್ಲೇ ಭಿನ್ನಾಭಿಪ್ರಾಯವಾದರೆ ಆ ಎಸೆತವನ್ನು ಮತ್ತೆ ಆಡುವುದು, ಇವೆರಡೇ ಸಾಕು. ಆಟವನ್ನು ಐದು ಇನಿಂಗ್ಸಿಗೋ ಒಂದೂವರೆ ಗಂಟೆಗೋ ನಿಲ್ಲಿಸುವುದೆಂದು ಆರಂಭದಲ್ಲೇ ಗೊತ್ತು ಮಾಡಿ, ಕೊನೆಯ ಇನಿಂಗ್ಸ್ ಶುರುವಾಗುವಾಗ ಕೂಗಿ ಹೇಳಿ. ಸೋತವರು ಹಾಳೆ, ಗೂಟ, ಹಗ್ಗ ಬಿಚ್ಚಿ ಚೀಲಕ್ಕೆ ಹಾಕಲಿ, ಗೆದ್ದವರು ಪೊದೆಗಳಲ್ಲಿ ಕಳೆದ ಚೆಂಡುಗಳನ್ನು ಹುಡುಕಿ ತರಲಿ.