ವೀಸಾ ಬಂದ ಮೇಲೂ ಕೆಲಸ ಬಾಕಿ ಇರುತ್ತದೆ: ಬೇರೆ ದೇಶಕ್ಕೆ ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು

ಚೆಕ್-ಇನ್ ಸಾಲಿನಲ್ಲಿ ನನ್ನ ಮುಂದೆ ಒಂದು ಕುಟುಂಬ ನಿಂತಿತ್ತು. ಬ್ಯಾಗುಗಳ ತೂಕ ಆಗಿ, ಎಲ್ಲ ಬೆಲ್ಟಿನ ಮೇಲಿದ್ದವು. ಕೌಂಟರಿನಲ್ಲಿದ್ದ ಹುಡುಗಿ ತಂದೆಯ ಪಾಸ್‌ಪೋರ್ಟ್ ತೆರೆದು, ಕೊನೆಯ ದಿನಾಂಕದ ಮೇಲೆ ಬೆರಳಿಟ್ಟು, ತಿಂಗಳು ಎಣಿಸಿದಳು. ಐದು ತಿಂಗಳು ಉಳಿದಿತ್ತು. ಅವರು ಹೊರಟಿದ್ದ ದೇಶ ಕೇಳುವುದು ಆರು. ಇ-ವೀಸಾ ಪ್ರಿಂಟ್ ಕೈಯಲ್ಲಿತ್ತು, ಹೋಟೆಲಿಗೆ ಪೂರ್ತಿ ದುಡ್ಡು ಕಟ್ಟಿದ್ದರು. ಆದರೂ ಬ್ಯಾಗುಗಳು ಒಂದೊಂದಾಗಿ ಕೆಳಗಿಳಿದವು. ಏನಾಯಿತು ಅಂತ ಮಗು ಅಮ್ಮನನ್ನು ಕೇಳುತ್ತಲೇ ಇತ್ತು.

ಆ ದಿನದಿಂದ ಯಾರು ಪ್ರವಾಸದ ಮಾತೆತ್ತಿದರೂ ನಾನು ಹೇಳುವುದು ಒಂದೇ. ನಿಮ್ಮ ಕಾಗದ ನೋಡುವವರು ಮೂರು ಕಡೆ ಇರುತ್ತಾರೆ. ವೀಸಾ ಕೊಡುವವರು, ವಿಮಾನ ಹತ್ತಿಸುವವರು, ಇಳಿದ ಮೇಲೆ ಇಮಿಗ್ರೇಶನ್‌ನವರು. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಒಪ್ಪಲೇಬೇಕು ಅಂತೇನಿಲ್ಲ. ಹಾಗಾಗಿ ವೀಸಾ ಒಂದನ್ನೇ ಗುರಿ ಮಾಡಿಕೊಳ್ಳಬೇಡಿ, ಮೂರೂ ಕಡೆಗೆ ತಯಾರಾಗಿ.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ

ಟಿಕೆಟ್ ನೋಡುವುದಕ್ಕೂ ಮುಂಚೆ ಈ ಕೆಲಸ. ವಾಪಸ್ ಬರುವ ದಿನ ಬರೆದುಕೊಳ್ಳಿ, ಅಲ್ಲಿಂದ ಮುಂದಕ್ಕೆ ಆರು ತಿಂಗಳು ಎಣಿಸಿ. ಅಷ್ಟು ಅವಧಿ ಇಲ್ಲದಿದ್ದರೆ ಮೊದಲು ಪಾಸ್‌ಪೋರ್ಟ್ ನವೀಕರಿಸಿ. ಎಲ್ಲ ದೇಶಗಳೂ ಆರು ತಿಂಗಳು ಕೇಳುವುದಿಲ್ಲ ನಿಜ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ 29 ದೇಶಗಳ ಷೆಂಗೆನ್ ಗುಂಪು ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಸಾಕು ಅನ್ನುತ್ತದೆ, ಆದರೆ ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು ಅಂತಲೂ ಕೇಳುತ್ತದೆ. ಹೀಗೆ ದೇಶಕ್ಕೊಂದು ಲೆಕ್ಕ. ಆರು ತಿಂಗಳು ಇಟ್ಟುಕೊಂಡರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ.

ಖಾಲಿ ಪುಟ ಎಷ್ಟಿವೆ ನೋಡಿ. ಎರಡು ಪೂರ್ತಿ ಖಾಲಿ ಪುಟ ಇರಲೇಬೇಕು ಅನ್ನುವ ದೇಶಗಳಿವೆ. ಪುಟ ಹರಿದಿದ್ದರೆ, ನೀರು ಬಿದ್ದು ಫೋಟೊ ಪುಟದ ಪ್ಲಾಸ್ಟಿಕ್ ಎದ್ದಿದ್ದರೆ ಸುಮ್ನೆ ಬಿಡಬೇಡಿ, ಅದೂ ಹತ್ತಿಸದೇ ಇರುವುದಕ್ಕೆ ಕಾರಣ ಆಗುತ್ತದೆ.

ಇನ್ನು ಹೆಸರು. ಫೋಟೊ ಪುಟದ ಕೆಳಗೆ ಎರಡು ಸಾಲು ಇಂಗ್ಲಿಷ್ ಅಕ್ಷರ, ಅಂಕಿ, ಬಾಣದ ತುದಿಯಂಥ ಗುರುತುಗಳು ಇರುತ್ತವೆ, ಒಂದೊಂದು ಸಾಲಿಗೆ 44. ಯಂತ್ರ ಓದುವುದು ಅದನ್ನೇ. ಮೊದಲ ಸಾಲಿನಲ್ಲಿ ದೇಶದ ಗುರುತು ಆದ ಮೇಲೆ ಮನೆತನದ ಹೆಸರು, ಆಮೇಲೆ ಎರಡು ಬಾಣದ ಗುರುತು, ಅದಾದ ಮೇಲೆ ನಿಮ್ಮ ಹೆಸರು. ಟಿಕೆಟಿನಲ್ಲಿ, ವೀಸಾ ಅರ್ಜಿಯಲ್ಲಿ, ವಿಮೆಯಲ್ಲಿ ಎಲ್ಲ ಕಡೆ ಇದೇ ಕಾಗುಣಿತ ಇರಬೇಕು. ಮನೆಯಲ್ಲಿ ಕರೆಯುವ ಹೆಸರು, ಬ್ಯಾಂಕಿನಲ್ಲಿರುವ ಇನಿಷಿಯಲ್ ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಮನೆತನದ ಜಾಗ ಖಾಲಿ ಇರುವವರು ಇನ್ನೂ ಜಾಸ್ತಿ ಎಚ್ಚರವಾಗಿರಬೇಕು. 2022ರ ನವೆಂಬರಿನಲ್ಲಿ ಯುಎಇ ಇಂಥ ಪಾಸ್‌ಪೋರ್ಟಿನ ಪ್ರವಾಸಿಗಳ ಮೇಲೆ ನಿರ್ಬಂಧ ತಂದಾಗ ಎಷ್ಟೋ ಜನ ಗಾಬರಿಬಿದ್ದರು. ಬುಕ್ ಮಾಡುವ ಮುಂಚೆ ವಿಮಾನ ಕಂಪನಿಗೆ ಒಂದು ಮಾತು ಕೇಳಿಬಿಡಿ.

ನಿಮಗೆ ಬೇಕಾದ ಅನುಮತಿ ಯಾವುದು?

ವೀಸಾ ಬೇಕೋ ಬೇಡವೋ ಅನ್ನುವುದು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದರ ಮೇಲೆ ನಿಂತಿದೆ. ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನುವುದು ಆಮೇಲಿನ ಮಾತು. ಪಕ್ಕದ ಸೀಟಿನವರಿಗೆ ವೀಸಾ ಬೇಡದೇ ಇರಬಹುದು, ನಿಮಗೆ ಬೇಕಾಗಬಹುದು. ಸ್ನೇಹಿತರು ಹೋಗಿಬಂದರು ಅಂತ ಅವರ ಮಾತನ್ನೇ ನಂಬಿ ಕೂರಬೇಡಿ.

ಅನುಮತಿಯಲ್ಲಿ ನಾಲ್ಕೈದು ಬಗೆ ಇದೆ. ವೀಸಾ ಇಲ್ಲದೇ ಬಿಡುವುದು, ಇಳಿದ ಮೇಲೆ ಕೊಡುವ ವೀಸಾ, ಆನ್‌ಲೈನಿನಲ್ಲಿ ಸಿಗುವ ಇ-ವೀಸಾ, ಮತ್ತು ಬೆರಳಚ್ಚು ಕೊಟ್ಟು ಪಡೆಯುವ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ. ಇವುಗಳ ನಡುವೆ ಇನ್ನೊಂದು ಬಗೆ ಸೇರಿಕೊಂಡಿದೆ. ವೀಸಾ ಬೇಡದವರೂ ಮುಂಚೆಯೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕಾದ ಪ್ರಯಾಣ ಅನುಮತಿ. ಅಮೆರಿಕದಲ್ಲಿ ಅದರ ಹೆಸರು ಇಎಸ್‌ಟಿಎ, ಕೆನಡಾ ಮತ್ತು ಬ್ರಿಟನ್ನಿನಲ್ಲಿ ಇಟಿಎ. 'ನಮಗೆ ವೀಸಾ ಬೇಡವಲ್ಲ' ಅಂತ ಇದನ್ನು ಮರೆತರೆ ವಿಮಾನ ಹತ್ತಿಸುವುದಿಲ್ಲ.

ಉದ್ದೇಶವೂ ಮುಖ್ಯ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಮಾಡುವಂತಿಲ್ಲ, ಸಂಬಳ ಇಲ್ಲದ ಕೆಲಸವನ್ನೂ ಎಷ್ಟೋ ದೇಶಗಳು ಕೆಲಸ ಅಂತಲೇ ಎಣಿಸುತ್ತವೆ.

ಮಾಹಿತಿಗೆ ಆ ದೇಶದ ಸರ್ಕಾರದ ವೆಬ್‌ಸೈಟ್ ಅಥವಾ ರಾಯಭಾರ ಕಚೇರಿಯ ಪುಟಕ್ಕೇ ಹೋಗಿ. ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳನ್ನು ಒತ್ತಬೇಡಿ. ನೋಡಲು ಸರ್ಕಾರದ್ದೇ ಅನ್ನಿಸುವ ಪುಟಗಳು ಪುಕ್ಕಟೆ ಫಾರಂಗೂ ದುಡ್ಡು ಕೀಳುತ್ತವೆ. ಸಿಂಗಪುರದ ಅರೈವಲ್ ಕಾರ್ಡ್, 2025ರ ಮೇ 1ರಿಂದ ಥಾಯ್ಲೆಂಡ್ ಕೇಳುತ್ತಿರುವ ಡಿಜಿಟಲ್ ಅರೈವಲ್ ಕಾರ್ಡ್, ಎರಡೂ ಉಚಿತ. ಯಾರಾದರೂ ಇವಕ್ಕೆ ಶುಲ್ಕ ಕೇಳಿದರೆ ಆ ಪುಟ ಮುಚ್ಚಿಬಿಡಿ.

ನಡುವೆ ವಿಮಾನ ಬದಲಿಸುವ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಹೋಗುವ ದೇಶದ ವೀಸಾ ಇರುತ್ತದೆ, ಮೂರು ಗಂಟೆ ಕೂರುವ ದೇಶದ್ದು ಇರುವುದಿಲ್ಲ. ಅಮೆರಿಕದಲ್ಲಿ ಸುಮ್ನೆ ವಿಮಾನ ಬದಲಿಸುವುದಕ್ಕೂ ಇಮಿಗ್ರೇಶನ್ ದಾಟಬೇಕು, ಅದಕ್ಕೆ ವೀಸಾ ಅಥವಾ ಇಎಸ್‌ಟಿಎ ಬೇಕೇ ಬೇಕು. ಬ್ರಿಟನ್ ಮತ್ತು ಷೆಂಗೆನ್ ದೇಶಗಳು ಕೆಲವು ದೇಶದವರಿಂದ ವಿಮಾನ ನಿಲ್ದಾಣದ ಒಳಗೇ ಇದ್ದು ಹೋಗುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಇನ್ನೊಂದು ಸೂಕ್ಷ್ಮ ಇದೆ. ಪ್ರಯಾಣದ ನಡುವೆ ಎರಡು ಷೆಂಗೆನ್ ಊರುಗಳಲ್ಲಿ ವಿಮಾನ ಬದಲಿಸಿದರೆ, ಮೊದಲ ಊರಿನಲ್ಲೇ ನೀವು ಒಳಗೆ ಬಂದಂತೆ. ಆಗ ಟ್ರಾನ್ಸಿಟ್ ವೀಸಾ ಸಾಲದು.

ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆದವರು ಇದನ್ನು ಎರಡು ಸಲ ಓದಿ. ಬೇರೆ ಟಿಕೆಟ್ ಆದರೆ ಬ್ಯಾಗು ನೀವೇ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಬ್ಯಾಗು ಬರುವುದು ಇಮಿಗ್ರೇಶನ್ ಆಚೆ. ಅಲ್ಲಿಗೆ ಹೋಗಲು ಆ ದೇಶದ ಪ್ರವೇಶ ಅನುಮತಿ ಬೇಕು ಅಲ್ವಾ?

ಅರ್ಜಿ ಹಾಕುವಾಗ

ಅಧಿಕಾರಿ ನಿಮ್ಮ ಫೈಲಿನಲ್ಲಿ ಹುಡುಕುವುದು ಮೂರು ಉತ್ತರ. ಯಾಕೆ ಹೋಗುತ್ತೀರಿ, ಖರ್ಚು ಯಾರದು, ವಾಪಸ್ ಬರುತ್ತೀರಾ. ಮೂರನೆಯದೇ ಭಾರದ್ದು. ಅಮೆರಿಕದ ಕಾನೂನಂತೂ ಪ್ರವಾಸಿ ವೀಸಾ ಕೇಳುವ ಪ್ರತಿಯೊಬ್ಬರೂ ಅಲ್ಲೇ ನೆಲೆಸಲು ಬರುತ್ತಿದ್ದಾರೆ ಅಂತ ಇಟ್ಟುಕೊಂಡೇ ಶುರು ಮಾಡುತ್ತದೆ. ಹಾಗಲ್ಲ ಅಂತ ತೋರಿಸುವುದು ನಿಮ್ಮ ಹೊಣೆ. ಕೆಲಸದ ಪತ್ರ, ಮಂಜೂರಾದ ರಜೆ, ಓದುತ್ತಿದ್ದರೆ ಕಾಲೇಜಿನ ಪತ್ರ, ಮನೆಯವರ ಜವಾಬ್ದಾರಿ, ಇವೆಲ್ಲ ಆ ಉತ್ತರಕ್ಕೆ ಬೇಕು.

ಕಾಗದಗಳು ಒಂದಕ್ಕೊಂದು ತಾಳೆ ಆಗಬೇಕು. ರಜೆ ಪತ್ರದಲ್ಲಿ 10 ದಿನ, ಹೋಟೆಲ್ ಬುಕಿಂಗಿನಲ್ಲಿ 14 ದಿನ ಇದ್ದರೆ ಉಳಿದ ನಾಲ್ಕು ದಿನದ ಪ್ರಶ್ನೆ ಬಂದೇ ಬರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅರ್ಜಿಗೆ ಮೂರು ದಿನ ಮುಂಚೆ ಒಂದು ದೊಡ್ಡ ಮೊತ್ತ ಬಂದು ಬಿದ್ದಿದ್ದರೆ ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಒಂದು ಸಾಲಿನ ವಿವರಣೆ, ಅದರ ಕಾಗದ ಜೊತೆಗಿಡಿ. ಸಾಲ ತಂದು ಖಾತೆ ತುಂಬಿಸಿ ತೋರಿಸುವ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ. ತಿಂಗಳು ತಿಂಗಳು ಬರುವ ಸಣ್ಣ ಸಂಬಳಕ್ಕೆ ಅದಕ್ಕಿಂತ ಜಾಸ್ತಿ ಬೆಲೆ ಇದೆ.

ಹಿಂದೆ ಎಲ್ಲಾದರೂ ವೀಸಾ ನಿರಾಕರಣೆ ಆಗಿದ್ದರೆ, ಕೇಳಿದ ಕಡೆ ಹೌದು ಅಂತಲೇ ಬರೆಯಿರಿ. ದೇಶಗಳು ಈ ಮಾಹಿತಿ ಹಂಚಿಕೊಳ್ಳುತ್ತವೆ. ನಿರಾಕರಣೆಗೆ ಪರಿಹಾರ ಇದೆ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ನಿಷೇಧ ಬೀಳಬಹುದು. ನಿಮ್ಮ ಪರವಾಗಿ ಏಜೆಂಟ್ ಫಾರಂ ತುಂಬಿದ್ದರೂ ಸಹಿ ನಿಮ್ಮದು, ಆದ್ದರಿಂದ ಕಳಿಸುವ ಮುಂಚೆ ಪ್ರತಿ ಸಾಲು ನೀವೇ ಓದಿ. ನನ್ನ ಒಂದು ಅರ್ಜಿಯಲ್ಲಿ ಹುಟ್ಟಿದ ದಿನ ಮತ್ತು ತಿಂಗಳು ಅದಲುಬದಲಾಗಿತ್ತು. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು ಬರುತ್ತದೆ, ತುಂಬಿದವರು ಅದನ್ನು ಗಮನಿಸಿರಲಿಲ್ಲ. ಕೊನೇ ಗಳಿಗೆಯಲ್ಲಿ ಕಣ್ಣಿಗೆ ಬಿತ್ತು, ಅದೃಷ್ಟ.

ಸಮಯದ ಲೆಕ್ಕಕ್ಕೆ ಷೆಂಗೆನ್ ಒಳ್ಳೆಯ ಉದಾಹರಣೆ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ, ಕಡೇಪಕ್ಷ 15 ದಿನ ಮುಂಚೆ ಹಾಕಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಇದರ ಮೇಲೆ ಬೆರಳಚ್ಚಿನ ಅಪಾಯಿಂಟ್‌ಮೆಂಟ್ ಸಿಗುವುದೇ ವಾರಗಟ್ಟಲೆ ಆಗುವ ಕಾಲ ಇದೆ. ಎರಡು ಮೂರು ದೇಶ ಸುತ್ತುವುದಿದ್ದರೆ ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಅಲ್ಲಿಗೇ ಅರ್ಜಿ, ಎಲ್ಲ ಕಡೆ ಸಮ ದಿನ ಆದರೆ ಮೊದಲು ಕಾಲಿಡುವ ದೇಶಕ್ಕೆ. ಕನಿಷ್ಠ 30,000 ಯೂರೋ ಚಿಕಿತ್ಸೆ ಖರ್ಚು ಭರಿಸುವ ವಿಮೆ ಬೇಕು. ಫೋಟೊ ಅಳತೆಯೂ ಒಂದೇ ಅಲ್ಲ. ಅಲ್ಲಿ 35 ಮಿಲಿಮೀಟರ್ ಅಗಲ, 45 ಎತ್ತರ. ಅಮೆರಿಕಕ್ಕೆ ಎರಡು ಇಂಚಿನ ಚೌಕ.

ವೀಸಾ ಸಿಗುವ ತನಕ ವಾಪಸ್ ಬಾರದ ದುಡ್ಡು ಎಲ್ಲೂ ಕಟ್ಟಬೇಡಿ. ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಸಾಕು.

ವೀಸಾ ಮೇಲಿನ ಅಂಕಿಗಳನ್ನು ಓದುವುದು

ವೀಸಾ ಬಂದ ದಿನವೇ ಕೂತು ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯಾ? ಆಮೇಲೆ ಮೂರು ವಿಷಯ: ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿ, ಎಷ್ಟು ಸಲ ಒಳಗೆ ಹೋಗಬಹುದು, ಎಷ್ಟು ದಿನ ಇರಬಹುದು. ಒಂದು ವರ್ಷ ಚಾಲ್ತಿ ಇದ್ದರೆ ಒಂದು ವರ್ಷ ಅಲ್ಲಿರಬಹುದು ಅಂತ ಅರ್ಥ ಅಲ್ಲ. ಒಂದೇ ಸಲದ ವೀಸಾದಲ್ಲಿ ಪಕ್ಕದ ದೇಶ ನೋಡಿಬರಲು ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ.

ಷೆಂಗೆನ್‌ನ '180 ದಿನದಲ್ಲಿ 90' ನಿಯಮ, ಅಂದರೆ ಯಾವ 180 ದಿನ ತೆಗೆದುಕೊಂಡರೂ ಅದರಲ್ಲಿ 90 ದಿನಕ್ಕಿಂತ ಜಾಸ್ತಿ ಅಲ್ಲಿ ಇರುವಂತಿಲ್ಲ ಅನ್ನುವುದನ್ನು, ಲೆಕ್ಕ ಹಾಕಿಯೇ ನೋಡೋಣ. ಬಹು ಪ್ರವೇಶದ ವೀಸಾದಲ್ಲಿ ಜನವರಿ 1ಕ್ಕೆ ಹೋಗಿ ಮಾರ್ಚ್ 1ಕ್ಕೆ ಹೊರಬಂದಿರಿ ಅಂದುಕೊಳ್ಳಿ. ಹೋದ ದಿನ, ಬಂದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ, ಒಟ್ಟು 60 ದಿನ. ಮೇ 1ಕ್ಕೆ ಮತ್ತೆ ಹೋದರೆ ಉಳಿದಿರುವುದು 30, ಮೇ 30ಕ್ಕೆ ಮುಗಿಯಿತು. ಮುಂದೆ? ಪ್ರತಿ ದಿನವೂ ಆ ದಿನದಿಂದ ಹಿಂದಕ್ಕೆ 180 ದಿನ ನೋಡುತ್ತಾರೆ. ಜೂನ್ 30 ಬಂದಾಗ ಜನವರಿ 1 ಆ ಲೆಕ್ಕದಿಂದ ಹೊರಗೆ ಬೀಳುತ್ತದೆ, ಅಲ್ಲಿಂದ ದಿನಕ್ಕೊಂದರಂತೆ ಮತ್ತೆ ದಿನಗಳು ಸಿಗುತ್ತಾ ಹೋಗುತ್ತವೆ. ತಿಂಗಳ ಲೆಕ್ಕದಲ್ಲಿ 'ಮೂರು ತಿಂಗಳು' ಅಂದುಕೊಂಡವರು ಒಂದೆರಡು ದಿನ ಜಾಸ್ತಿ ಉಳಿದು ಸಿಕ್ಕಿಬೀಳುತ್ತಾರೆ.

ಲಸಿಕೆ, ಮಾತ್ರೆ, ಮಕ್ಕಳು

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಿಗೆ ಹೋಗುವುದಿದ್ದರೆ ಅಥವಾ ಅಲ್ಲಿಂದ ಬರುವುದಿದ್ದರೆ ಲಸಿಕೆಯ ಪ್ರಮಾಣಪತ್ರ ಕೇಳಬಹುದು. ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಅದು ಚಾಲ್ತಿಗೆ ಬರುತ್ತದೆ, ಹಾಗಾಗಿ ಹೊರಡುವ ಹಿಂದಿನ ವಾರ ಓಡಿದರೆ ಪ್ರಯೋಜನ ಇಲ್ಲ. 2016ರ ಜುಲೈನಿಂದ ಅದು ಜೀವನಪೂರ್ತಿ ನಡೆಯುತ್ತದೆ, ಹಳೆಯದಿದ್ದರೆ ಬಿಸಾಡಬೇಡಿ.

ಮಾತ್ರೆಗಳ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಆಂಫೆಟಮೈನ್ ಅನ್ನುವ ಉತ್ತೇಜಕ ಇರುವ ಮಾತ್ರೆಯನ್ನು ವೈದ್ಯರ ಚೀಟಿ ಇದ್ದರೂ ಜಪಾನಿಗೆ ಒಯ್ಯುವಂತಿಲ್ಲ, ಸೂಡೋಎಫೆಡ್ರಿನ್ 10 ಶೇಕಡಕ್ಕಿಂತ ಜಾಸ್ತಿ ಇರುವ ಶೀತದ ಮಾತ್ರೆಯೂ ಅಲ್ಲಿ ನಿಷಿದ್ಧ. ಔಷಧಿಯನ್ನು ಅದರದೇ ಪೊಟ್ಟಣದಲ್ಲಿ, ಚೀಟಿಯ ಜೊತೆ, ಕೈಚೀಲದಲ್ಲಿ ಇಡಿ.

ಮಗು ಅಪ್ಪ ಅಮ್ಮರಲ್ಲಿ ಒಬ್ಬರ ಜೊತೆ ಮಾತ್ರ ಹೊರಟಿದ್ದರೆ, ಅಥವಾ ಅಜ್ಜಿ ತಾತನ ಜೊತೆ ಇದ್ದರೆ, ಜನನ ಪ್ರಮಾಣಪತ್ರ ಮತ್ತು ಜೊತೆಯಲ್ಲಿಲ್ಲದ ತಂದೆ ತಾಯಿಯ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಮಕ್ಕಳ ಕಳ್ಳಸಾಗಣೆ ತಡೆಯಲು ಇದನ್ನು ಕೇಳುತ್ತಾರೆ, ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಹೊರಡುವ ವಾರ ಮತ್ತು ಇಳಿದ ಮೇಲೆ

ವಿಮಾನ ಕಂಪನಿಗಳು ನಿಯಮ ನೋಡುವುದು ಟಿಮ್ಯಾಟಿಕ್ ಅನ್ನುವ ಮಾಹಿತಿಕೋಶದಲ್ಲಿ, ಅದನ್ನು ನಡೆಸುವುದು ವಿಮಾನ ಕಂಪನಿಗಳದೇ ಸಂಘ ಐಯಾಟಾ. ಕಾಗದ ಸರಿ ಇಲ್ಲದವರನ್ನು ಕರೆದೊಯ್ದರೆ ಕಂಪನಿಗೆ ದಂಡ, ವಾಪಸ್ ತರುವ ಖರ್ಚೂ ಅವರ ಮೇಲೆ. ಕೌಂಟರಿನವರು ಅಷ್ಟು ಬಿಗಿಯಾಗಿರುವುದು ಅದಕ್ಕೇ. ಐಯಾಟಾದ ಪುಟದಲ್ಲಿ ನೀವೂ ನೋಡಬಹುದು, ಹೊರಡುವ ವಾರ ಮತ್ತೊಮ್ಮೆ ನೋಡಿ. ಸಿಂಗಪುರ, ಥಾಯ್ಲೆಂಡಿನ ಅರೈವಲ್ ಕಾರ್ಡುಗಳನ್ನು ತುಂಬಬೇಕಾದ್ದು ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ.

ವೀಸಾ, ವಾಪಸ್ ಟಿಕೆಟ್, ಹೋಟೆಲ್ ವಿಳಾಸ, ವಿಮೆ ಇವುಗಳ ಪ್ರಿಂಟ್ ಕೈಚೀಲದಲ್ಲಿರಲಿ. ಫೋನಿನ ಚಾರ್ಜ್ ಮುಗಿಯುವುದು ಇಮಿಗ್ರೇಶನ್ ಸಾಲಿನಲ್ಲೇ. ಪಾಸ್‌ಪೋರ್ಟಿನ ಒಂದು ಜೆರಾಕ್ಸ್ ಬೇರೆ ಬ್ಯಾಗಿನಲ್ಲಿಡಿ. ಯುರೋಪಿಗೆ 10,000 ಯೂರೋ ಅಥವಾ ಅದಕ್ಕಿಂತ ಜಾಸ್ತಿ, ಅಮೆರಿಕಕ್ಕೆ 10,000 ಡಾಲರಿಗಿಂತ ಜಾಸ್ತಿ ನಗದು ಒಯ್ಯುವುದು ತಪ್ಪಲ್ಲ, ಘೋಷಿಸದೇ ಇರುವುದು ತಪ್ಪು.

ಇಮಿಗ್ರೇಶನ್ ಅಧಿಕಾರಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಎಷ್ಟು ದಿನ ಅಂದರೆ ದಿನ ಹೇಳಿ, ಎಲ್ಲಿ ಅಂದರೆ ಹೋಟೆಲ್ ಹೆಸರು ಹೇಳಿ. ಭಾಷೆ ಅರ್ಥ ಆಗದಿದ್ದರೆ ಊಹೆ ಮಾಡಿ ತಲೆಯಾಡಿಸಬೇಡಿ, ಮತ್ತೊಮ್ಮೆ ಹೇಳಿ ಅಂತ ಕೇಳಿ. ವೀಸಾ ಇದ್ದರೂ ಒಳಗೆ ಬಿಡುವ ಕೊನೆಯ ತೀರ್ಮಾನ ಅವರದು.

ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ, ಬ್ಯಾಗು ಹುಡುಕಲು ಹೋಗುವ ಮುಂಚೆ, ಮುದ್ರೆ ಒತ್ತಿದ್ದರೆ ಅದರ ದಿನಾಂಕ ಓದಿ. ತಪ್ಪಿದ್ದರೆ ಅಲ್ಲೇ ಹೇಳಿ, ಆಮೇಲೆ ತಿದ್ದಿಸುವುದು ಬಹಳ ಕಷ್ಟ. ಅಮೆರಿಕದಲ್ಲಾದರೆ ವೀಸಾದ ಕೊನೇ ದಿನಾಂಕ ಎಷ್ಟೇ ದೂರ ಇರಲಿ, ಎಷ್ಟು ದಿನ ಇರಬಹುದು ಅನ್ನುವುದು ಐ-94 ಅನ್ನುವ ದಾಖಲೆಯಲ್ಲಿರುತ್ತದೆ. ಹೋಟೆಲ್ ಮುಟ್ಟಿದ ಮೇಲೆ ಅದನ್ನು ಆನ್‌ಲೈನಿನಲ್ಲಿ ತೆಗೆದು ನೋಡಿ, ಒಂದು ಪ್ರತಿ ಉಳಿಸಿಕೊಳ್ಳಿ, ವಾಪಸ್ ಟಿಕೆಟ್ಟಿನ ದಿನ ಅದರೊಳಗೆ ಇದೆಯಾ ಅಂತ ತಾಳೆ ಹಾಕಿ.