ಪಂಪಿನ ಇಂಜಿನ್ ಆಯಿಲ್: ಬಿಸಿ ಇದ್ದಾಗ ಇಳಿಸ್ರಿ, ಚೆಲ್ಲೋ ಮುಂಚೆ ನೋಡ್ರಿ

ಭೀಮಾ ದಂಡಿ ಹೊಲದಾಗ ಕರೆಂಟಿನ ದಾರಿ ಕಾಯ್ತಾ ಕುಂತ್ರ ಬೆಳಿ ಒಣಗ್ತದ. ಅದಕ್ಕೇ ಅಫಜಲಪುರ, ಜೇವರ್ಗಿ ಕಡಿ ಐದು ಹಾರ್ಸ್‌ಪವರಿನ ಒಂಟಿ ಸಿಲಿಂಡರ್ ಡೀಸೆಲ್ ಇಂಜಿನ್ ಇನ್ನೂ ಬೇಕು. ಡೀಸೆಲ್ ಹಾಕೋದು ಯಾರೂ ಮರಿಯಂಗಿಲ್ಲ, ಅದು ಮುಗದ್ರ ಇಂಜಿನ್ ನಿಂತು ಹೇಳ್ತದ. ಆಯಿಲ್ ಕೆಟ್ಟರ ಇಂಜಿನ್ ನಿಲ್ಲಂಗಿಲ್ಲ. ನಡೀತಾನೇ ಒಳಗಿಂದೊಳಗ ಸವೀತದ, ಗೊತ್ತಾಗೋದ್ರಾಗ ಲೈನರ್ (ಪಿಸ್ಟನ್ ಆಡೋ ಕೊಳವಿ), ಪಿಸ್ಟನ್ ರಿಂಗ್, ಬೇರಿಂಗ್ ಎಲ್ಲಾ ಹೋಗಿರ್ತಾವ.

ಮೊದಲು ತಾಸಿನ ಲೆಕ್ಕ ಇಡ್ರಿ. ಇಂಜಿನ್ ಜೋಡಿ ಬಂದ ಪುಸ್ತಕದಾಗ 250 ತಾಸಿಗೊಮ್ಮೆ ಬದಲಿ ಮಾಡ್ರಿ ಅಂತ ಇದ್ರ, ಅದು ಒಳ್ಳೆ ಗಾಳಿಯಾಗ ನಡಿಯೋ ಇಂಜಿನ್ನಿನ ಮಾತು. ನಮ್ಮ ಎರಿ ಭೂಮಿ ಧೂಳು, ತೊಗರಿ ರಾಶಿ ಹೊಟ್ಟು, 42 ಡಿಗ್ರಿ ಬಿಸಿಲು ಅದಕ್ಕ ಗೊತ್ತಿಲ್ಲ. ಬ್ಯಾಸಗ್ಯಾಗ ಅದರ ಅರ್ಧಕ್ಕೇ ಬದಲಿ ಮಾಡ್ರಿ. ದಿನಾ ಆರು ತಾಸು ನಡದ್ರ 125 ತಾಸು ಅಂದ್ರ ಮೂರು ವಾರ ಆಯ್ತು. ಹೊಸ ಇಂಜಿನ್ ಇಲ್ಲಾ ಹೊಸ ರಿಂಗ್ ಕುಂದ್ರಿಸಿದ ಇಂಜಿನ್ ಇದ್ರ ಮೊದಲನೇ ಆಯಿಲ್ 50 ತಾಸಿಗೇ ತೆಗೀರಿ, ಮೊದಲ ಸವಕಳಿಯ ಪುಡಿ ಅದರಾಗೇ ಇರ್ತದ. ಪಂಪಿನ ಮನಿ ಕದದ ಹಿಂದ ಸೀಮಿಸುಣ್ಣದಿಂದ ದಿನದ ತಾಸು ಬರಕೋತ ಹೋದ್ರ ಸಾಕು.

ಆಯಿಲ್ ತರುವಾಗ ಡಬ್ಬಿ ಮ್ಯಾಲ ಆಯಿಲಿನ ದರ್ಜೆ ಹೇಳೋ ಎಪಿಐ (API) ಗುರುತು ನೋಡ್ರಿ. ಅದರ ಮುಂದಿನ ಅಕ್ಷರ ‘ಸಿ’ಯಿಂದ ಸುರು ಆಗಿದ್ರ ಡೀಸೆಲ್ಲಿಂದು, ‘ಎಸ್’ನಿಂದ ಸುರು ಆಗಿದ್ರ ಪೆಟ್ರೋಲಿಂದು. ಮನ್ಯಾಗ ಉಳಿದ ಮೋಟರ್‌ಸೈಕಲ್ ಆಯಿಲ್ ತಂದು ಹಾಕಬ್ಯಾಡ್ರಿ, ಡೀಸೆಲ್ ಮಸಿ ತಡಿಯೋ ಶಕ್ತಿ ಅದಕ್ಕ ಕಮ್ಮಿ. ದಪ್ಪ ಎಷ್ಟಂದ್ರ, ನಮ್ಮ ಹವಾಕ್ಕ 15 ಡಬ್ಲ್ಯೂ 40 ಇಲ್ಲಾ 20 ಡಬ್ಲ್ಯೂ 40 ಸರಿ ಹೋಗ್ತದ. ಇಂಥಾ ಇಂಜಿನ್ನಿಗಿ ಮೂರು ಲೀಟರ್ ಆಸುಪಾಸು ಹಿಡೀತದ, ಆದ್ರ ಖರೇ ಅಳತಿ ಅಂದ್ರ ಆಯಿಲ್ ಮಟ್ಟ ನೋಡೋ ಕಡ್ಡಿಯ, ಅದೇ ಡಿಪ್‌ಸ್ಟಿಕ್ಕಿನ ಗೆರಿನೇ.

ಆಯಿಲ್ ಇಳಿಸೋ ಮುಂಚೆ ಇಂಜಿನ್ ಹದಿನೈದು ನಿಮಿಷ ನೀರು ಎತ್ತಕೋತ ನಡಸ್ರಿ. ತಣ್ಣಗಿದ್ದಾಗ ಮಸಿ, ಪುಡಿ ಎಲ್ಲಾ ಕೆಳಗ ತಳ ಹಿಡಿದು ಕುಂತಿರ್ತದ. ಬಿಸಿ ಆಗಿ ಕಲಿಕಿದಾಗ ಆಯಿಲ್ ತೆಳ್ಳಗಾಗಿ ಅದನ್ನೆಲ್ಲಾ ಎತ್ತಿಕೊಂಡು ಹೊರಗ ಬರ್ತದ. ಬಂದ್ ಮಾಡಿ ಐದು ನಿಮಿಷ ಬಿಡ್ರಿ, ಕೈ ಸುಡಬಾರದು. ತಳ್ಳುಗಾಡಿ ಮ್ಯಾಲ ಇದ್ರ ಸಪಾಟ ಜಾಗದಾಗ ನಿಂದ್ರಿಸ್ರಿ, ಡ್ರೇನ್ ನಟ್ಟಿನ ಕಡಿ ಬೇಕಾದ್ರ ಒಂದೀಟು ವಾಲಿರಲಿ. ಕೆಳಗ ಕಬ್ಬಿಣದ ಬುಟ್ಟಿ ಇಟ್ಟು ರಿಂಗ್ ಪಾನಾದಿಂದ ನಟ್ ಸಡಿಲ ಮಾಡ್ರಿ. ಬಾಯಿ ತೆರೆದ ಪಾನಾ ಜಾರಿ ನಟ್ಟಿನ ಮೂಲಿ ತಿಂದು ಹಾಕ್ತದ. ಮ್ಯಾಲಿನ ಆಯಿಲ್ ಹಾಕೋ ಮುಚ್ಚಳಾನೂ ತೆಗೀರಿ, ಗಾಳಿ ಆಡಿದ್ರ ಲಗೂ ಇಳೀತದ.

ಈಗ ಆ ಬುಟ್ಟಿ ಆಯಿಲ್ ಚೆಲ್ಲಬ್ಯಾಡ್ರಿ. ಇಂಜಿನ್ನಿನ ಹೊಟ್ಟಿಯೊಳಗಿನ ಸುದ್ದಿ ಪೂರಾ ಅದರಾಗ ಅದ. ಕರ್ರಗಾದ್ರ ಅಂಜಬ್ಯಾಡ್ರಿ, ಡೀಸೆಲ್ ಇಂಜಿನ್ನಾಗ ಹೊಸ ಆಯಿಲ್ ಸುದ್ದಾ ನಾಲ್ಕೈದು ತಾಸಿನ್ಯಾಗ ಕರ್ರಗಾಗ್ತದ. ಅಂಜಬೇಕಾದ್ದು ಬಣ್ಣ ಹಾಲು ಹಾಕಿದ ಚಹಾದಂಗ ಆದಾಗ. ಹಂಗಾದ್ರ ನೀರು ಸೇರ್ಯಾದ ಅಂತ ಅರ್ಥ: ಲೈನರಿನ ಕೆಳಗಿನ ರಬ್ಬರ್ ರಿಂಗ್ ಹೋಗಿರ್ತದ, ಇಲ್ಲಾ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನ ಕೆಳಗಿನ ಪ್ಯಾಕಿಂಗ್) ಹೋಗಿರ್ತದ. ಅನುಮಾನ ಇದ್ರ ಹಳೇ ಸೌಟು ಒಂದನ್ನ ಬಯಲಾಗ ಕಾಯಿಸಿ, ಉರಿಯಿಂದ ದೂರ ತಂದು, ಎರಡು ಹನಿ ಆಯಿಲ್ ಬಿಡ್ರಿ. ಮುಖ ದೂರ ಇರಲಿ. ನೀರಿದ್ರ ಒಗ್ಗರಣಿಗಿ ಹಸಿ ಕರಿಬೇವು ಹಾಕಿದಂಗ ಚಟಚಟ ಸಿಡೀತದ. ಇಲ್ಲಂದ್ರ ಸುಮ್ಮನ ಹೊಗಿ ಏಳ್ತದ. ನೀರು ಸೇರಿದ್ದು ಖಾತ್ರಿ ಆದ್ರ ಹೊಸ ಆಯಿಲ್ ಹಾಕಿ ನಡಸೋದು ರೊಕ್ಕ ಹಾಳು, ಮೊದಲು ಸೋರೋ ಜಾಗ ರಿಪೇರಿ ಆಗಬೇಕು.

ಎರಡನೇದು, ಡೀಸೆಲ್ ಸೇರೋದು. ಆಯಿಲ್ ಹಾಕದೇನೇ ಡಿಪ್‌ಸ್ಟಿಕ್ಕಿನ ಮಟ್ಟ ಏರಿದ್ರ ಭಾಳ ಮಂದಿ ಖುಷಿ ಪಡ್ತಾರ, ಅದು ಖುಷಿ ಪಡೋ ಮಾತಲ್ಲ. ಡೀಸೆಲ್ ಸಿಡಿಸೋ ಇಂಜೆಕ್ಟರ್ ಹನಿ ಹಾಕ್ಲಿಕತ್ತದ, ಇಲ್ಲಾ ಡೀಸೆಲ್ ಪಂಪು ಒಳಗ ಸೋರ್ಲಿಕತ್ತದ. ಆಯಿಲ್ ನೀರಿನಂಗ ತೆಳ್ಳಗ ಇರ್ತದ, ವಾಸನಿ ಮೂಗಿಗಿ ಹೊಡೀತದ. ಅಂಥಾ ಆಯಿಲ್ ಬೇರಿಂಗ್ ಕಾಯಂಗಿಲ್ಲ.

ಕಡಿಗಿ ಬುಟ್ಟಿ ತಳದ ಗಸಿ ಬಿಳೇ ಅರಬಿಯಾಗ ಸೋಸಿ ಬಿಸಿಲಿಗಿ ಹಿಡೀರಿ. ಮಿಣುಕು ಕಂಡ್ರ ಹಳೇ ಸ್ಪೀಕರಿನ ಅಯಸ್ಕಾಂತ ತೋರಿಸ್ರಿ. ಹತ್ತಿದ್ರ ಕಬ್ಬಿಣ, ಅಂದ್ರ ಲೈನರ್, ರಿಂಗ್, ಗೇರ್ ಕಡೀದು. ಹತ್ತದ ಬೆಳ್ಳಗಿನ ಪುಡಿ ಪಿಸ್ಟನ್ ಇಲ್ಲಾ ಬೇರಿಂಗಿಂದು, ತಾಮ್ರದ ಬಣ್ಣ ಇದ್ರ ಬುಷಿಂದು. ಮಂಜು ಹರಡಿದಂಗ ಸಣ್ಣ ಮಿಣುಕು ಇದ್ರ ಮುಂದಿನ ಬದಲಿ ತನಕ ಕಣ್ಣಿಡ್ರಿ. ಬೆರಳಿಗಿ ಹತ್ತೋ ಚೂರು ಸಿಕ್ರ ಇಂಜಿನ್ ಬಿಚ್ಚಸ್ರಿ.

ಜಾಲರಿ ಫಿಲ್ಟರ್ ಇದ್ರ ಡೀಸೆಲ್ಲಾಗ ತೊಳದು ಗಾಳಿಗಿ ಒಣಗಿಸ್ರಿ. ವೇಸ್ಟ್ ದಾರದಿಂದ ಒರಸಬ್ಯಾಡ್ರಿ, ಎಳಿ ಉಳಿದ್ರ ಆಯಿಲಿನ ತೂತು ಕಟ್ಟತದ. ಒಳಗ ಡೀಸೆಲ್ ಸುರಿದು ತೊಳಿಯೋ ಚಾಳಿನೂ ಬಿಡ್ರಿ, ಮೂಲ್ಯಾಗ ಉಳಿದಷ್ಟು ಡೀಸೆಲ್ ಹೊಸ ಆಯಿಲ್ ಕೆಡಸ್ತದ. ಡ್ರೇನ್ ನಟ್ಟಿನ ತಾಮ್ರದ ವಾಶರ್ ಹೊಸಾದು ಸಿಗದಿದ್ರ ಹಳೇದನ್ನ ಇಕ್ಕಳದಾಗ ಹಿಡಿದು ಒಲಿ ಉರಿಯಾಗ ಕೆಂಪಗ ಕಾಯಿಸಿ ನೀರಾಗ ಅದ್ದರಿ. ಒತ್ತಿ ಒತ್ತಿ ಗಟ್ಟಿಯಾದ ತಾಮ್ರ ಮತ್ತ ಮೆತ್ತಗಾಗಿ ಸಂದು ಮುಚ್ಚತದ.

ಹೊಸ ಆಯಿಲ್ ಎರಡೂವರೆ ಲೀಟರ್ ಹಾಕಿ, ಹತ್ತು ನಿಮಿಷ ಬಿಟ್ಟು, ಗೆರಿ ನೋಡಿಕೋತ ಸ್ವಲ್ಪ ಸ್ವಲ್ಪ ಏರಸ್ರಿ. ಮ್ಯಾಲಿನ ಗೆರಿ ದಾಟಿಸಬ್ಯಾಡ್ರಿ. ಹೆಚ್ಚಾದ್ರ ಕ್ರ್ಯಾಂಕ್ ಅದರಾಗ ಬಡಿದು ನೊರಿ ಏಳ್ತದ, ನೀಲಿ ಹೊಗಿ ಬರ್ತದ. ಆಯಿಲ್ ಮ್ಯಾಲೇರಿ ತಾನೇ ಉರಿಲಿಕತ್ರ ಡೀಸೆಲ್ ಬಂದ್ ಮಾಡಿದ್ರೂ ಇಂಜಿನ್ ನಿಲ್ಲದೇ ಓಡೋ ಭಯ ಅದ. ಆಯಿಲ್ ಮಟ್ಟ ಸರಿ ಆದ ಮ್ಯಾಲ ಡೀಸೆಲ್ ಬಂದ್ ಇಟ್ಟು, ಸಿಲಿಂಡರಿನ ಒತ್ತಡ ಬಿಡಸೋ ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ಇಪ್ಪತ್ತು ಸುತ್ತು ತಿರುವ್ರಿ, ಬೇರಿಂಗಿಗಿ ಆಯಿಲ್ ಮುಟ್ಟತದ. ಹೆಬ್ಬೆರಳು ಬಾಕಿ ಬೆರಳಿನ ಕಡೀನೇ ಇರಲಿ. ಹ್ಯಾಂಡಲ್ ಹಿಂದಕ್ಕ ಒದ್ರ ಸುತ್ತ ಹಿಡಿದ ಹೆಬ್ಬೆರಳು ಮುರೀತದ. ಚಾಲೂ ಆದ ಮ್ಯಾಲ ಐದು ನಿಮಿಷ ಹಗುರ ನಡಿಸಿ, ನಿಂದ್ರಿಸಿ, ನಟ್ ಸುತ್ತ ಕೈಯಾಡಿಸಿ, ಮಟ್ಟ ಇನ್ನೊಮ್ಮೆ ನೋಡ್ರಿ.

ಇಷ್ಟು ಮಾಡಿ ಗಾಳಿ ಫಿಲ್ಟರಿನ ಆಯಿಲ್ ಬಟ್ಟಲು ಮರತ್ರ ಪೂರಾ ದಂಡ. ಆಯಿಲಿನೊಳಗಿನ ಮಣ್ಣು ಬರೋದೇ ಆ ದಾರಿಯಿಂದ. ರಾಶಿ ದಿನಗಳಾಗ ದಿನಾ ಮುಂಜಾನೆ ಬಿಚ್ಚಿ ನೋಡ್ರಿ. ತಳದಾಗ ಕೆಸರು ಬೆರಳು ದಪ್ಪ ಇದ್ರ ತೊಳದು ಹೊಸ ಆಯಿಲ್ ಗುರುತಿನ ತನಕ ಹಾಕ್ರಿ.

ಹಳೇ ಆಯಿಲ್ ಬಾವಿ ದಂಡಿಗಿ, ಕಾಲಿವಿಗಿ ಚೆಲ್ಲಬ್ಯಾಡ್ರಿ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳ ಇರೋ ಡಬ್ಬಿಯಾಗ ತುಂಬಿ, ಹಳೇ ಆಯಿಲ್ ಒಟ್ಟು ಮಾಡೋ ಗ್ಯಾರೇಜಿಗಿ ಕೊಡ್ರಿ. ಕಜ್ಜಿ ಆದ ಎಮ್ಮಿಗಿ ಹಚ್ಚೋದಂತೂ ಬ್ಯಾಡೇ ಬ್ಯಾಡ. ಅದು ಮೈ ನೆಕ್ಕತದ, ವಿಷ ಹೊಟ್ಟಿಗಿ ಹೋಗ್ತದ. ದನದ ಡಾಕ್ಟರ್ ಕಡಿಂದ ಔಷಧ ತರ್ರಿ.