ಎರಡೂ ಕಡೆ ಸಿಸ್ಟರ್

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಅಲ್ಲಿ ಎಲ್ಲರೂ ನನ್ನನ್ನು ಸಿಸ್ಟರ್ ಅನ್ನುತ್ತಾರೆ. ಭಾನುವಾರ ಸಭೆಗೆ, ಅಂದರೆ ಚರ್ಚಿಗೆ, ಹೋದರೆ ಅಲ್ಲೂ ಸಿಸ್ಟರ್. ಹಾಗಾಗಿ ಯಾರಾದರೂ "ಸಿಸ್ಟರ್, ಸ್ವಲ್ಪ ಬರ್ರೀ" ಅಂದರೆ ಕರೆದದ್ದು ಯಾವ ಸಿಸ್ಟರನ್ನು ಅಂತ ನನಗೇ ತಿಳಿಯುತ್ತಿರಲಿಲ್ಲ. ಹೋಗಿಬಿಡುತ್ತಿದ್ದೆ.

ಕೌಲ್ ಬಜಾರಿನಲ್ಲಿ ನಮ್ಮ ಮನೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಡ್ಯೂಟಿ ಮಾಡಿ ಬಂದು ಇನ್ನೇನು ತಲೆ ಇಡಬೇಕು, ಫೋನ್. ಒಬ್ಬರಿಗೆ ಬಿಪಿ ನೋಡಬೇಕು, ಇನ್ನೊಬ್ಬರಿಗೆ ಡ್ರೆಸ್ಸಿಂಗ್, ಮತ್ತೊಬ್ಬರ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಸಂಡೇ ಸ್ಕೂಲೂ ನನ್ನದೇ, ಸ್ತ್ರೀಯರ ಕೂಟದ ಚಹಾ ಉಪ್ಪಿಟ್ಟೂ ನನ್ನದೇ. ಆಗೋದಿಲ್ಲ ಅಂದರೆ "ದೇವರ ಸೇವೆಗೆ ಬೇಸರ ಮಾಡ್ಕೋಬಾರದವ್ವ" ಅನ್ನುತ್ತಿದ್ದರು. ಅದಕ್ಕೆ ಏನಂತ ಉತ್ತರ ಕೊಡೋದು?

ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ದಿನಾ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್ ಚುಚ್ಚುತ್ತಿದ್ದೆ. ಒಂದು ಏಪ್ರಿಲ್‌ನಲ್ಲಿ ಸತತ ಮೂರನೇ ನೈಟ್ ಡ್ಯೂಟಿ ಮುಗಿಸಿ ನೇರ ಅವರ ಮನೆಗೇ ಹೋದೆ. ಔಷಧಿ ಎಳೆದೆ. ಹೊಟ್ಟೆಯ ಚರ್ಮ ಹಿಡಿದಾಗ ಹಾಸಿಗೆ ಮೇಲೆ ಬಿದ್ದಿದ್ದ ಸಿರಿಂಜಿನ ಮುಚ್ಚಳ ಕಣ್ಣಿಗೆ ಬಿತ್ತು. ಕೆಂಪು. ಬಾಟಲಿ ತಿರುಗಿಸಿ ನೋಡಿದರೆ 100 ಅಂತಿತ್ತು, ಅಂದರೆ ಒಂದು ಎಂಎಲ್‌ಗೆ 100 ಯೂನಿಟ್. ಹಿಂದಿನ ದಿನವಷ್ಟೇ ಡಾಕ್ಟರು ಇನ್ಸುಲಿನ್ ಬದಲಿಸಿದ್ದರು, ಸಿರಿಂಜ್ ಮಾತ್ರ ಹಳೆಯದೇ ಉಳಿದಿತ್ತು. ಕೆಂಪು ಮುಚ್ಚಳದ್ದು 40ರ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು 100ರ ಬಾಟಲಿಗೆ. ಆಸ್ಪತ್ರೆಗೆ ಹೊಸದಾಗಿ ಬರುವ ಹುಡುಗಿಯರಿಗೆ ಇದನ್ನು ಹೇಳಿಕೊಡುವವಳೇ ನಾನು. ಚುಚ್ಚಿದ್ದರೆ 20ರ ಬದಲು 50 ಯೂನಿಟ್ ಹೋಗುತ್ತಿತ್ತು. ಅಜ್ಜಿ ಮಾತ್ರ ಕಣ್ಣು ಮುಚ್ಚಿಕೊಂಡು ಸ್ತೋತ್ರ ಹೇಳುತ್ತಾ ಕೂತಿದ್ದರು.

ಅದೇ ವಾರ ಇನ್ನೊಂದು. ಮಧ್ಯಾಹ್ನ ಮಂಚದ ಮೇಲೆ ಬಿದ್ದುಕೊಂಡಿದ್ದೆ, ಫೋನ್ ಬಂತು. ಎಂಟು ವರ್ಷದ ಮಗಳು ಎತ್ತಿಕೊಂಡು, ನನ್ನ ಮುಖ ನೋಡುತ್ತಲೇ, "ಅಮ್ಮ ಡ್ಯೂಟಿಗೆ ಹೋಗ್ಯಾಳ್ರೀ" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ. ನಾನು ಹೇಳೋದನ್ನ ಕೇಳಿ ಕೇಳಿ ಕಲಿತಿದ್ದಳು.

ನಾನು ತುಂಬಾ ಪ್ರೀತಿ ಇರುವವಳು, ಅದಕ್ಕೇ ಇಲ್ಲ ಅನ್ನೋಕೆ ಬರೋದಿಲ್ಲ ಅಂದುಕೊಂಡಿದ್ದೆ. ಅಲ್ಲ, ಅದು ಹೆದರಿಕೆ. ಹೆದರಿಕೆಗೆ ಸುಳ್ಳು ಹೇಳುತ್ತಿದ್ದೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು ಅಂತ ಮಕ್ಕಳಿಗೆ ಹೆಮ್ಮೆಯಿಂದ ಹೇಳುವವಳು ನಾನು. ಅದೇ ಬೈಬಲಿನಲ್ಲಿ, ಮತ್ತಾಯ 5ರಲ್ಲಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಬೇಕು ಅಂತಿದೆ. ಮಾರ್ಕನ 1ನೇ ಅಧ್ಯಾಯವನ್ನೂ ಮತ್ತೆ ಓದಿದೆ. ಸಂಜೆ ಊರಿಗೆ ಊರೇ ರೋಗಿಗಳನ್ನು ಕರೆದುಕೊಂಡು ಬಾಗಿಲಿಗೆ ಬರುತ್ತದೆ. ಮರುದಿನ ನಸುಕಿನಲ್ಲೇ ಯೇಸುಸ್ವಾಮಿ ಎದ್ದು ಒಬ್ಬನೇ ಪ್ರಾರ್ಥನೆಗೆ ಹೋಗುತ್ತಾನೆ. ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಅಂತ ಶಿಷ್ಯ ಸೀಮೋನ ಬಂದರೆ, ಬೇರೆ ಊರುಗಳಿಗೆ ಹೋಗೋಣ ಅನ್ನುತ್ತಾನೆ. ಆ ಬೆಳಿಗ್ಗೆಯೂ ಬಾಗಿಲಲ್ಲಿ ಯಾರಾದರೂ ಕಾದೇ ಇರುತ್ತಾರೆ, ಅಲ್ವಾ? ನರ್ಸ್ ಆಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಪಾಸ್ಟರಮ್ಮನ ಮನೆಗೆ ನಾನೇ ಹೋದೆ. ಫೋನಿನಲ್ಲಾದರೆ ಮತ್ತೆ ಹೂಂ ಅಂದುಬಿಡುತ್ತೇನೆ ಅನ್ನೋದು ಗೊತ್ತಿತ್ತು. ಹೇಳಬೇಕಾದ ಮಾತನ್ನು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಬಾಯಿಪಾಠ ಮಾಡಿದ್ದೆ. "ಅಮ್ಮಾ, ಸಂಡೇ ಸ್ಕೂಲ್ ಬಿಡೋದಿಲ್ಲ. ಕೂಟದ ಅಡುಗೆ ನನ್ನಿಂದ ಆಗೋದಿಲ್ಲ. ನೈಟ್ ಡ್ಯೂಟಿ ಇರೋ ವಾರ ಯಾವ ಕೂಟಕ್ಕೂ ಬರೋದಿಲ್ಲ." ಯಾಕೆ ಅಂದರು. "ನಿದ್ದೆ ಬೇಕಮ್ಮಾ" ಅಂದೆ, ಅಷ್ಟೇ. ಎರಡನೇ ಕಾರಣ ಹೇಳಬಾರದು. ಮಕ್ಕಳು ಅಂದರೆ ಮಕ್ಕಳನ್ನೂ ಕರ್ಕೊಂಡು ಬಾ ಅನ್ನುತ್ತಾರೆ, ದೂರ ಅಂದರೆ ಆಟೋ ಕಳಿಸುತ್ತಾರೆ. ನಿದ್ದೆಗೆ ಯಾರೂ ಏನೂ ಕಳಿಸೋಕೆ ಆಗೋದಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೋಸ್ಕರ ಪ್ರಾರ್ಥನೆ ಮಾಡ್ತೀನವ್ವ" ಅಂದರು. ಯಾವ ದನಿಯಲ್ಲಿ ಅಂದರು ಅಂತ ಸಭೆಗೆ ಹೋಗುವವರಿಗೆ ಹೇಳಬೇಕಿಲ್ಲ.

ಓಣಿಯವರಿಗೂ ಹೇಳಿದೆ. ಎದೆನೋವು, ಉಸಿರು ಕಟ್ಟೋದು ಅಂದರೆ ಮೊದಲು 108ಕ್ಕೆ, ಆಮೇಲೆ ನನಗೆ. ಬಿಪಿ, ಶುಗರ್ ಏನಿದ್ದರೂ ಸಂಜೆ ನಾಲ್ಕರ ಮೇಲೆ. ಡಾಕ್ಟರ ಚೀಟಿ ಇಲ್ಲದೆ ಮನೆಯಲ್ಲಿ ಯಾರಿಗೂ ಇಂಜೆಕ್ಷನ್ ಹಾಕೋದಿಲ್ಲ.

ಮೂರನೇ ವಾರಕ್ಕೇ ಜಾರಿದೆ. ಯಾರೋ ಅಳುತ್ತಾ ಕೇಳಿದರು ಅಂತ ಪಾತ್ರೆ ತುಂಬ ಉಪ್ಪಿಟ್ಟು ಮಾಡಿ ಹೊತ್ತುಕೊಂಡು ಹೋದೆ, ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಇಬ್ಬರು ಹೆಂಗಸರು ಇವತ್ತಿಗೂ ನನಗೆ ವಂದನೆ ಹೇಳೋದಿಲ್ಲ. ಅದು ನೋಯುತ್ತದೆ, ಭಾನುವಾರ ಜಾಸ್ತಿ.

ಅಜ್ಜಿಯ ಸೊಸೆಗೆ ಒಂದು ವಾರ ಪಕ್ಕದಲ್ಲೇ ನಿಂತು ಇನ್ಸುಲಿನ್ ಕಲಿಸಿದೆ. ಮೊದಲ ದಿನ ಅವಳ ಕೈ ನಡುಗಿತು. ಈಗ ಮುಚ್ಚಳದ ಬಣ್ಣ ನೋಡಿಯೇ ಸಿರಿಂಜ್ ಕೊಂಡು ತರುತ್ತಾಳೆ. ಅಜ್ಜಿ ಮಾತ್ರ ಸಭೆಯಲ್ಲಿ ಸಿಕ್ಕಾಗಲೆಲ್ಲ ನನ್ನ ಸೆರಗು ಹಿಡಿದು ಎಳೆಯುತ್ತಾರೆ. "ಏನಾರ ಅನ್ನವ್ವ ಸಿಸ್ಟರ್, ಆಕಿ ಕೈ ಭಾಳ ಚುಚ್ಚತೈತಿ."